ಕರ್ನಲನ ಹೊಟ್ಟೆಯಲ್ಲಿ ಉಳಿದ ಎರಡಕ್ಷರ

ಹಂಗಾರಕಟ್ಟೆ
ಗುರುವಾರ, 24 ಜುಲೈ 2025

ಪ್ರೀತಿಯ ತಂಗಿ ಬಾಗಿಗೆ, ನಿನ್ನ ಸೀನಣ್ಣನ ಬುಟ್ಟಿ ತುಂಬ ಆಶೀರ್ವಾದ.

ಹೇಗಿದ್ದೀ? ಮುಂಬಯಿ ಮಳೆಗೆ ನಿನ್ನ ಮೊಣಕಾಲು ಹೇಗಿದೆ? ಅಶೋಕಣ್ಣನ ಬಿಲ್ಡಿಂಗಿನ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಂಡೇ ಇಳಿ, ಆ ಮೆಟ್ಟಿಲಲ್ಲಿ ಜಾರಿದರೆ ಸೀದಾ ರಸ್ತೆಯ ವಡಾಪಾವ್ ಗಾಡಿಗೇ ಹೋಗಿ ಮುಟ್ಟುವುದು. ಅಶೋಕಣ್ಣನ ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇದೆಯಾ? ಅವನು ಕದ್ದು ಜಿಲೇಬಿ ತಿನ್ನುವುದನ್ನು ನೀನು ಇಷ್ಟರಲ್ಲೇ ಹಿಡಿದಿರಬೇಕು. ಇಲ್ಲಿ ನಾವೆಲ್ಲ ಸಮ ಇದ್ದೇವೆ. ನಿನ್ನ ಅತ್ತಿಗೆ ಸುಗುಣ ಬೆಳಿಗ್ಗೆ ಎದ್ದ ಕೂಡಲೇ ನನಗೆ ನಾಲ್ಕು ಬೈದು ತನ್ನ ಆರೋಗ್ಯ ಕಾಪಾಡಿಕೊಂಡಿದ್ದಾಳೆ. ನಿನ್ನ ಕೋಳಿ ನಿನ್ನ ಕೋಣೆಯ ಹಾಸಿಗೆಯ ಮೇಲೆಯೇ ಕಾವಿಗೆ ಕೂತು ಮರಿ ಮಾಡಿದೆ. ಏಳಿಸಲಿಕ್ಕೆ ಹೋದರೆ ಕುಕ್ಕುತ್ತದೆ. ಮನೆಯ ಯಜಮಾನಿಕೆ ಸದ್ಯಕ್ಕೆ ಅದರದ್ದು.

ನಿನಗೆ ಫೋನು ಮಾಡಿ ಮಾಡಿ, ಆ 'ಸ್ವಿಚ್ ಆಫ್ ಆಗಿದೆ' ಎಂದು ಹೇಳುವ ಹೆಂಗಸಿನ ಸ್ವರ ನನಗೀಗ ನೆಂಟರ ಹಾಗೆ ಆಗಿಬಿಟ್ಟಿದೆ. ನಿನ್ನೆ ಅವಳ ಹತ್ತಿರ ಊಟ ಆಯ್ತಾ ಎಂದು ಕೇಳಿದೆ. ಅಶೋಕಣ್ಣನ ಫೋನಿಗೆ ಮಾಡಿದರೆ ಪ್ರತಿ ಸಲವೂ ನೀನು ಸ್ನಾನಕ್ಕೆ ಹೋಗಿರುತ್ತೀ. ಮನುಷ್ಯರು ಅಷ್ಟು ಸಲ ಸ್ನಾನ ಮಾಡಿದರೆ ಚರ್ಮ ಉಳಿಯುವುದಿಲ್ಲ ಮಾರಾಯ್ತಿ! ಅದಕ್ಕೇ ಕಾಗದ. ಕಾಗದಕ್ಕೆ ಸ್ವಿಚ್ ಇಲ್ಲ. ನನ್ನ ಮಗಳು ಅಕ್ಷಯಾ, "ನಾನ್ ಟೈಪ್ ಮಾಡಿ ಕೊಡ್ತೆ ಅಪ್ಪಯ್ಯ, ನಿನ್ ಅಕ್ಷರ ಕಂಡ್ರೆ ಅತ್ತೆಗ್ ತಲಿನೋವ್ ಬತ್ತ್" ಎಂದಳು. ಬೇಡ ಎಂದೆ. ನಾಲ್ಕನೇ ಕ್ಲಾಸಿನಲ್ಲಿ ಕಲಿತ ಅಕ್ಷರ ಅಲ್ಲಿಂದ ಇಲ್ಲಿವರೆಗೆ ಖರ್ಚೇ ಆಗಿಲ್ಲ, ಎಲ್ಲಾ ಹೊಸತೇ ಇದೆ, ನಿನಗೇ ಎಂದು ಇಟ್ಟಿದ್ದೇನೆ.

ಈಗ ಸರಿಯಾಗಿ ಕೂತುಕೋ. ಚಹಾ ಕುಡಿಯುತ್ತಾ ಇದ್ದರೆ ಲೋಟ ಕೆಳಗಿಡು. ಬಾಗೀ, ಅವತ್ತು ಬೋಟು ನಿಲ್ಲುವ ದಕ್ಕೆಯ ಕಂಪ್ಯೂಟರಿನಲ್ಲಿ ಬಂದ ಬೋಟಿನ ಹೆಸರನ್ನು ನೀನು ತಪ್ಪು ಬರೆಯಲಿಲ್ಲ. ನೀನು ಬರೆದದ್ದು 'ರತ್ನ' ಎಂದೇ. ಹೊರಗಿನ ಬೋರ್ಡಿನಲ್ಲಿ ಅದನ್ನು 'ನವರತ್ನ' ಮಾಡಿದ್ದು ಯಂತ್ರ. ಇದು ನಿನ್ನ ಸಮಾಧಾನಕ್ಕೆ ನಾನು ಕಟ್ಟಿದ ಮಾತಲ್ಲ. ಎಲ್ಲರ ಕಣ್ಣೆದುರು ಸಾಬೀತಾಗಿ, ಪರದೇಶದವರೂ ಒಪ್ಪಿ, ರಿಪೇರಿಯೂ ಆಗಿ, ಆ ರಿಪೇರಿಯಲ್ಲಿ ನಿನ್ನ ಹೆಸರೂ ಸೇರಿ ಆಯಿತು! ನನಗೆ ಬೆಳಿಗ್ಗೆಯಿಂದ ಕೂತಲ್ಲಿ ಕೂರಲಿಕ್ಕೆ ಆಗುತ್ತಿಲ್ಲ. ಹೇಳುತ್ತೇನೆ, ಒಂದೊಂದಾಗಿ ಹೇಳುತ್ತೇನೆ. ನೀನು ಅರ್ಧಕ್ಕೆ ಮಡಚಿ ಇಡಬೇಡ.

ಮೊದಲು ನಮ್ಮ ಬೋಟಿನ ಕಥೆ ಕೇಳು. ಅದನ್ನು ನೀನು ಕೇಳಲೇ ಇಲ್ಲ, ನಾನು ಬಾಯಿ ತೆರೆದಾಗಲೆಲ್ಲ ಎದ್ದು ಹೋದೆ. ಮೇ ತಿಂಗಳ ಆ ದಿನ ನವರತ್ನ ಬೋಟಿನಲ್ಲಿ ನಾವೆಲ್ಲ ವಾಪಸು ಹೊರಟದ್ದೇ ನೀರಿನಡಿಯ ಫ್ಯಾನಿಗೆ ಬಲೆ ಸುತ್ತಿಕೊಂಡು ಇಂಜಿನ್ ನಿಂತಿತು. ವೈರ್‌ಲೆಸ್ ಒತ್ತಿದರೆ ಬ್ಯಾಟರಿ ಸತ್ತಿದೆ. ತೆಂಕಣ ಗಾಳಿ ನಮ್ಮನ್ನು ಬಡಗು ದಿಕ್ಕಿಗೆ ದೂಡಿಕೊಂಡು ಹೋಯಿತು. ಹೆದರಲಿಕ್ಕೆ ಎಂತ ಇತ್ತು? ಸಂಜೆ ಲೆಕ್ಕಕ್ಕೆ ಬೋಟು ಬರಲಿಲ್ಲ ಎಂದು ಕಂಡರೆ ದಕ್ಕೆಯವರು ಹುಡುಕಿಕೊಂಡು ಬರುತ್ತಾರೆ ಎಂದು ನಾವು ಗಂಜಿ ಕುಡಿದು ಕೂತೆವು. ಯಾರೂ ಬರಲಿಲ್ಲ. ಬೆಳಗಾದ ಮೇಲೆ ದೂರದಲ್ಲಿ ಒಂದು ಬೋಟು ಕಂಡಿತು. ನಮ್ಮ ಅಡುಗೆಯ ಕರಿಯನ ಕೆಂಪು ಲುಂಗಿ ಬಿಚ್ಚಿಸಿ ಕೋಲಿಗೆ ಕಟ್ಟಿ ಬೀಸಿದೆವು. ಅವರು ಮೊದಲು ಕಂಡದ್ದು ಲುಂಗಿಯನ್ನೋ, ಲುಂಗಿ ಇಲ್ಲದ ಕರಿಯನನ್ನೋ ಗೊತ್ತಿಲ್ಲ, ಅಂತೂ ಹತ್ತಿರ ಬಂದರು. ಬೈಂದೂರು ಕಡೆಯವರು. ಹಗ್ಗ ಕಟ್ಟಿ ಎಳೆದು ದಡ ಸೇರಿಸಿ, ಅವರ ಮನೆಯಲ್ಲೇ ಊಟ ಹಾಕಿದರು. ಬಂಗುಡೆ ಸಾರು ನಿನ್ನ ಸಾರಿಗಿಂತ ಒಂದು ಕೈ ಮೇಲಿತ್ತು, ಸಿಟ್ಟು ಮಾಡಬೇಡ. ಅಲ್ಲಿಂದ ಬಸ್ಸು ಹತ್ತಿ ಸಾಸ್ತಾನದಲ್ಲಿ ಇಳಿದೆವು. ಟೋಲಿನಲ್ಲಿ ಬಸ್ಸು ನಿಂತಾಗ ಕರಿಯ, "ಸಮುದ್ರದಂಗ್ ಇದೊಂದ್ ಇರ್ಲಿಲ್ಲ ಕಾಣ್" ಎಂದ. ಇಷ್ಟೇ ನಡೆದದ್ದು.

ಇತ್ತ ದಕ್ಕೆಯಲ್ಲಿ ಬೋರ್ಡಿನ ಮೇಲೆ ಕೆಂಪು ದೀಪದ ಅಕ್ಷರದಲ್ಲಿ 'ನವರತ್ನ ಬಂತು' ಎಂದು ಹೊಳೆಯುತ್ತಾ ಇತ್ತಂತೆ. ಬೋರ್ಡು ಬಂತು ಎಂದ ಮೇಲೆ ಯಾರು ಹುಡುಕುತ್ತಾರೆ? ಸುಗುಣ ಅದನ್ನು ನೋಡಿ, ನಾನು ಬಂದವನು ಕುಡಿಯಲಿಕ್ಕೆ ಯಾವುದೋ ಗಡಂಗಿಗೆ ನುಗ್ಗಿದ್ದೇನೆ ಎಂದುಕೊಂಡು, ಅನ್ನ ಮುಚ್ಚಿಟ್ಟು ನನ್ನ ವಂಶವನ್ನೆಲ್ಲ ಬೈಯುತ್ತಾ ಕೂತಿದ್ದಳು. ಬಂದಿಲ್ಲ ಎಂದು ಬೋರ್ಡಿನಲ್ಲಿ ಉಳಿದದ್ದು ರತ್ನ ಬೋಟು. ಅದನ್ನು ನಡೆಸುವ ತಂಡೇಲನನ್ನು ಹುಡುಕಲಿಕ್ಕೆ ಹೊರಟವರು ನೋಡಿದರೆ ಅವನು ದಕ್ಕೆಯಲ್ಲೇ ತನ್ನ ಬೋಟಿನ ಮೇಲೆ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ. ಆಗಲೂ ಎಲ್ಲರೂ ನಕ್ಕರೇ ಹೊರತು, ಹಾಗಾದರೆ ನವರತ್ನ ಎಲ್ಲಿ ಎಂದು ಒಬ್ಬರಿಗೂ ತಲೆಗೆ ಹೋಗಲಿಲ್ಲ. ಬೆಳಿಗ್ಗೆ ಬೈಂದೂರಿನಿಂದ ಫೋನು ಬಂದ ಮೇಲೆ ನಗು ನಿಂತದ್ದು.

ಆಮೇಲಿನದ್ದು ನಿನಗೆ ಗೊತ್ತಿದೆ. ಸಂಘದ ಸೆಕ್ರೆಟರಿ ಜಿತೇಂದ್ರ ಎಲ್ಲರೆದುರು ನಿನ್ನನ್ನು ನಿಲ್ಲಿಸಿ ಕೇಳಿದ. ನೀನು ಇದ್ದದ್ದು ಇದ್ದ ಹಾಗೆ ಹೇಳಿದೆ: "ಬಿಸ್ಲ್ ಕಣ್ಣಿಗ್ ಹೊಡಿತಾ ಇದ್ದಿತ್. ನೀಲಿ ಬಣ್ಣ ಕಂಡ್ ಮೊದ್ಲ್ ನವಶಕ್ತಿ ಅಂದೇಳಿ ಬರ್ದೆ. ಹತ್ರ ಬಂದ್ ಮೇಲೆ ಅಲ್ಲ ಅಂತ ಗೊತ್ತಾಯ್ತ್, ಅಳ್ಸಿ ರತ್ನ ಅಂದೇ ಬರ್ದೆ." ಅಷ್ಟು ಸಾಕಾಯಿತು ಅವನಿಗೆ. "ಕಂಡ್ರ್ಯಾ? ಒಂದ್ ಬೋಟಿಗ್ ಮೂರ್ ಹೆಸ್ರ್! ಮೊದ್ಲ್ ಆ ಕುರ್ಚಿಯಗ್ ನಾನ್ ಕೂಕಂಡಿಪ್ಪತಿಗೆ ಹೀಂಗ್ ಒಂದ್ ದಿನ ಆಯ್ತಾ?" ಎಂದ. ಭಾವ ತೀರಿಹೋದ ಮೇಲೆ ನೀನು ಮುಖ ಎತ್ತಿ ಮಾತಾಡಲಿಕ್ಕೆ ಶುರು ಮಾಡಿದ್ದೇ ಆ ದಕ್ಕೆಯ ಕೋಣೆಯಲ್ಲಿ ಕೂತ ಮೇಲೆ. ಅವತ್ತು ಮನೆಗೆ ಬಂದವಳು ನಿನ್ನ ಎರಡೂ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, "ಅಣ್ಣನ್ನ ಸಾಯ್ಸುಕ್ ಹೊರ್ಟ ಕೈ ಇದ್" ಎಂದೆ. ನಾನು ಎದುರಿಗೆ ಕೂತು ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದೆ, ಸತ್ತವನ ಹಾಗೆ ಕಾಣುತ್ತಿದ್ದೆನಾ? ಎಷ್ಟು ಹೇಳಿದರೂ ಕೇಳದೆ ಮುಂಬಯಿ ರೈಲು ಹತ್ತಿದೆ.

ನಿನ್ನನ್ನು ರೈಲು ಹತ್ತಿಸಿ ಬಂದ ದಿನವೇ ಅಕ್ಷಯಾ ಹಟ ಹಿಡಿದಳು. "ಅತ್ತೆ ರತ್ನ ಬರ್ದದ್ ಅಂದ್ರೆ ರತ್ನವೇ. ಅತ್ತೆ ಸುಳ್ಳ್ ಹೇಳುದ್ ನಾನ್ ಹುಟ್ಟಿದ್ ಮೇಲೆ ಕಂಡಿಲ್ಲೆ." ನಿನಗೆ ಗೊತ್ತಲ್ಲ, ಬ್ರಹ್ಮಾವರದ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವಳಿಗೆ ಯಂತ್ರದ ಮೇಲೆ ನಂಬಿಕೆ ಕಡಿಮೆಯಾಗಿದೆ, ದಿನಾ ಹೊಟ್ಟೆ ಬಿಚ್ಚಿ ನೋಡುವವರಿಗೆ ಹಾಗೆಯೇ. ರಜೆ ಹಾಕಿ ದಕ್ಕೆಯ ಕೋಣೆಯಲ್ಲಿ ಆ ಪೆಟ್ಟಿಗೆಯೆದುರು ಕೂತಳು. ಕಪ್ಪು ಪರದೆ, ಬಿಳಿ ಅಕ್ಷರ, ಮೌಸೂ ಇಲ್ಲ, ಚಿತ್ರವೂ ಇಲ್ಲ. ಇದಕ್ಕೆ ಟರ್ಮಿನಲ್ ಎನ್ನುತ್ತಾರಂತೆ. ನಾನು ಇಷ್ಟರವರೆಗೆ ಟರ್ಮಿನಲ್ ಅಂದರೆ ನೀನು ರೈಲಿಳಿದ ಕುರ್ಲಾದ್ದು ಮಾತ್ರ ಎಂದುಕೊಂಡಿದ್ದೆ. ಅವಳು ರತ್ನ ಎಂದು ಬರೆದಳು, ಬೋರ್ಡಿನಲ್ಲಿ ರತ್ನ. ನವರತ್ನ ಎಂದು ಬರೆದಳು, ನವರತ್ನ. ಬರೆದು ಬರೆದು ಬೆರಳು ಸವೆಯಿತು, ಒಂದೂ ತಪ್ಪಿಲ್ಲ. ಜಿತೇಂದ್ರ ಬಾಗಿಲಲ್ಲಿ ನಿಂತು ಹಲ್ಲು ಕಿಸಿದು ಹೋದ. ಹುಡುಗಿಯ ಮುಖ ಒಣಗಿದ ಬೂತಾಯಿ ಮೀನಿನ ಹಾಗೆ ಆಯಿತು.

"ನೀ ಸ್ವಲ್ಪ ಹೊತ್ ಒತ್ತ್ ಅಪ್ಪಯ್ಯ, ನಾನ್ ಹೊರ್ಗ್ ಬೋರ್ಡ್ ಕಾಣ್ತೆ" ಎಂದು ನನ್ನನ್ನು ಕೂರಿಸಿದಳು. ನನಗೋ ಒಂದೇ ಬೆರಳು. ಬರೆಯಲಿಕ್ಕೆ ಸುಲಭದ್ದು ಎಂದು 'ಅಮ್ಮ' ಎಂದು ಒತ್ತಿದೆ. ಅವಳು ಹೊರಗಿನಿಂದ, "ಅಮ್ಮ ಅಲ್ಲ, ಬೋಟಿನ್ ಹೆಸ್ರ್!" ಎಂದು ಕೂಗಿದಳು. ಸರಿ ಎಂದು ಅಳಿಸುವ ಬಟನ್ ಒತ್ತಿ ಪರದೆ ಚೊಕ್ಕ ಮಾಡಿದೆ, 'ಶುಭಲಕ್ಷ್ಮಿ ಬಂತು' ಎಂದು ಬರೆದು ಕಳಿಸಿದೆ. ಕಳಿಸಿ ಉಸಿರು ಬಿಟ್ಟಿಲ್ಲ, ಶುಭಲಕ್ಷ್ಮಿ ಬೋಟಿನ ಯಜಮಾನಿ ಅಕ್ಕು ಮೀನಿನ ಬುಟ್ಟಿ ಅಲ್ಲಿಯೇ ಎಸೆದು ಓಡಿ ಬಂದಳು. "ಯಾರಾ ಅದ್? ನನ್ ಬೋಟಿಗ್ ಅಶುಭ ಅಂದವ ಯಾರಾ? ಹೊರ್ಗ್ ಬಾ, ಇವತ್ ನಿನ್ ಹಲ್ಲೆಲ್ಲ ಇದೇ ಬುಟ್ಟಿಗ್ ಉದುರ್ಸ್ತೆ!" ನಾನು ಎರಡೂ ಕೈ ಎತ್ತಿ, "ಅಕ್ಕೂ, ದೇವ್ರಾಣೆ, ನಾನ್ ಶುಭ ಅಂದೇ ಬರ್ದದ್! ಇಲ್ ಕಾಣ್!" ಎಂದೆ.

ಆ ಮಾತು ಬಾಯಿಂದ ಬಿದ್ದದ್ದೇ, ಬಾಗೀ, ನನಗೆ ಮೈ ಜುಮ್ ಎಂದಿತು. ಅದು ನಿನ್ನ ಮಾತು. ಅದೇ ಕೋಣೆ, ಅದೇ ಕುರ್ಚಿ, ನಿನ್ನದೇ ಮಾತು ನನ್ನ ಬಾಯಲ್ಲಿ. ಅಕ್ಕು ಬಗ್ಗಿ ಪರದೆ ನೋಡಿದಳು, ಶುಭಲಕ್ಷ್ಮಿ. ಹೊರಗೆ ಹೋಗಿ ಬೋರ್ಡು ನೋಡಿದಳು, ಅಶುಭಲಕ್ಷ್ಮಿ. ಮತ್ತೆ ಒಳಗೆ ಬಂದು, "ಇಲ್ ಶುಭ, ಅಲ್ ಅಶುಭ. ಎಂತ ಮಾಟವಾ ಇದ್?" ಎಂದು ಅಲ್ಲಿಯೇ ಕೂತಳು. ಅಕ್ಷಯಾ ಮಾತ್ರ ನನ್ನ ಭುಜ ಹಿಡಿದು ಅಲುಗಾಡಿಸಿದಳು. "ಅಪ್ಪಯ್ಯ, ಮೊದ್ಲ್ ಎಂತ ಒತ್ತಿ ಅಳ್ಸಿದ್ದೆ? ಅಮ್ಮ ಅಲ್ದಾ? ಅಮ್ಮದ್ 'ಅ' ಉಳ್ಕಂಡಿತ್! ಅತ್ತೆ ಎಂತ ಅಳ್ಸಿದ್ದ್ರ್?" ನವಶಕ್ತಿ ಎಂದೆ. ನನ್ನನ್ನು ಎಬ್ಬಿಸಿ ಅವಳೇ ಕೂತು ಬರೆದಳು. ನವಶಕ್ತಿ ಎಂದು ಬರೆದು, ಪರದೆ ಚೊಕ್ಕ ಆಗುವವರೆಗೆ ಅಳಿಸಿ, ರತ್ನ ಬಂತು ಎಂದು ಕಳಿಸಿದಳು. ನಾವು ಮೂವರೂ ಹೊರಗೆ ಓಡಿದೆವು. ಬೋರ್ಡಿನಲ್ಲಿ ಕೆಂಪು ಕೆಂಪಾಗಿ: ನವರತ್ನ ಬಂತು.

ನಾನು ಕುಣಿದೆ. ಮೀನಿನ ನೀರಿನಲ್ಲಿ ಜಾರಿ ಬಿದ್ದು, ಬಿದ್ದಲ್ಲಿಂದಲೇ ಕೈಯೆತ್ತಿ ಕುಣಿದೆ. ಅಕ್ಕು ಒಬ್ಬಳೇ ಅತ್ತಳು. "ಆ ಹೆಣ್ಣಿಗ್ ಎಂತೆಲ್ಲ ಅಂದ್ರಲ್ಲ, ಇವ್ರ್ ಬಾಯಿಗ್ ಮಣ್ಣ್ ಹಾಕ" ಎಂದಳು.

ಹೀಗ್ಯಾಕೆ ಆಯಿತು ಎಂದು ಅಕ್ಷಯಾ ನನಗೆ ಹೇಳಿದ್ದನ್ನು, ನನ್ನ ತಲೆಗೆ ಹೋದಷ್ಟು ಹೇಳುತ್ತೇನೆ. ಪ್ರತಿ ಕಂಪ್ಯೂಟರಿನ ಒಳಗೆ ಎಲ್ಲದಕ್ಕೂ ಯಜಮಾನ ಒಬ್ಬ ಇದ್ದಾನಂತೆ, ಕರ್ನಲ್ ಎಂದು. ನಾನು ಮಿಲಿಟರಿಯ ಕರ್ನಲ್ ಎಂದುಕೊಂಡು, "ಅಷ್ಟ್ ದೊಡ್ಡವ್ರಿಗ್ ನಮ್ ದಕ್ಕೆಯಗ್ ಎಂತ ಕೆಲ್ಸ?" ಎಂದು ಕೇಳಿ ನಗೆಗೀಡಾದೆ. ನನಗೆ ಈಗಲೂ ಮೀಸೆ ಇರುವವನ ಹಾಗೆಯೇ ಕಾಣುತ್ತಾನೆ, ಇರಲಿ. ನೀನು ಒತ್ತಿದ ಅಕ್ಷರವೆಲ್ಲ ಮೊದಲು ಹೋಗುವುದು ಈ ಕರ್ನಲನ ಹತ್ತಿರ. ಅವನು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಪರದೆಗೆ ತೋರಿಸುತ್ತಾನೆ, ನೀನು ಕಳಿಸು ಎಂದ ಮೇಲೆ ಹೊಟ್ಟೆಯಲ್ಲಿ ಇದ್ದದ್ದನ್ನು ಮುಂದೆ ದಾಟಿಸುತ್ತಾನೆ. ಈಗ ನವಶಕ್ತಿ ತೆಗೆದುಕೋ. ಆ ಪರದೆಯಲ್ಲಿ ಅದಕ್ಕೆ ಐದು ಮನೆ: ನ, ವ, ಶ, ಕ, ತ. ಕರ್ನಲನ ಹೊಟ್ಟೆಯಲ್ಲಿ ಮಾತ್ರ ಏಳು. ಯಾಕೆಂದರೆ ಕ ಅಕ್ಷರವನ್ನು ಅರ್ಧ ಮಾಡುವ ಗುರುತು ಅವನಿಗೆ ಬೇರೆಯೇ ಒಂದು, ತಿ ಎನ್ನಲಿಕ್ಕೆ ಹಾಕುವ ಗುಡಿಸು ಬೇರೆಯೇ ಒಂದು. ನೀನು ಅಳಿಸುವ ಬಟನನ್ನು ಐದು ಸಲ ಒತ್ತಿದೆ. ಪರದೆಯಲ್ಲಿ ಐದು ಮನೆಯೂ ಖಾಲಿ. ಇವನು ಹೊಟ್ಟೆಯಿಂದ ತೆಗೆದದ್ದೂ ಐದೇ. ಏಳರಲ್ಲಿ ಐದು ಹೋದರೆ? ನ ಮತ್ತು ವ ಹೊಟ್ಟೆಯಲ್ಲಿ ಕೂತುಬಿಟ್ಟವು! ಅದರ ಮೇಲೆ ನೀನು ರತ್ನ ಎಂದು ಬರೆದೆ. ನಿನ್ನ ಕಣ್ಣಿಗೆ ರತ್ನ, ಅವನ ಹೊಟ್ಟೆಯಲ್ಲಿ ನವರತ್ನ. ನೀನಲ್ಲ, ಹದ್ದಿನ ಕಣ್ಣಿನವರು ಕೂತಿದ್ದರೂ ಕಾಣುತ್ತಿರಲಿಲ್ಲ.

ಇನ್ನೊಂದು ಕೇಳು, ಇದು ನನಗೆ ಎಲ್ಲದಕ್ಕಿಂತ ಖುಷಿ. ಜಿತೇಂದ್ರ ಕೂತಿದ್ದಾಗ ಹೀಗೆ ಯಾಕೆ ಆಗಲಿಲ್ಲ? ಅವನು ಅಳಿಸಿದ್ದೇ ಇಲ್ಲ! ತಪ್ಪು ಬರೆದರೆ ತಪ್ಪನ್ನೇ ಕಳಿಸಿ ಕೆಳಗೆ ಇನ್ನೊಂದು ಬರೆಯುತ್ತಿದ್ದ. ನೆನಪಿದೆಯಲ್ಲ, ಅವನ ಕಾಲದಲ್ಲಿ ಬೋರ್ಡಿನ ಮೇಲೆ 'ಜಲರಾಣಿ' 'ಜಾಲರಾಣಿ' 'ಜಲರಣಿ' ಎಂದು ಮೂರು ಬೋಟು ಒಟ್ಟಿಗೆ ಬರುತ್ತಿದ್ದದ್ದು? ನಾವು ತ್ರಿವಳಿ ಎಂದು ನಗುತ್ತಿದ್ದೆವು. ತಪ್ಪನ್ನು ಕಂಡು, ನಾಚಿ, ಅಳಿಸಿ, ಸರಿ ಬರೆಯುವವರಿಗೆ ಮಾತ್ರ ಈ ಕರ್ನಲ್ ಕಾಲು ಕೊಟ್ಟು ಬೀಳಿಸುತ್ತಿದ್ದ. ಅಂಥವರು ದಕ್ಕೆಯಲ್ಲಿ ನೀನೊಬ್ಬಳೇ ಇದ್ದದ್ದು.

ಮೀನುಗಾರಿಕೆಗೆ ರಜೆ ಬಿದ್ದ ಮೇಲೆ ಅಕ್ಷಯಾ ಇದರ ಹಿಂದೆಯೇ ಬಿದ್ದಳು. ಈ ಕರ್ನಲ್ ಒಬ್ಬರ ಸೊತ್ತಲ್ಲವಂತೆ. ಲೋಕದಲ್ಲಿ ಎಲ್ಲೆಲ್ಲಿಯವರೋ ಸೇರಿ ಬರೆದದ್ದು, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ಸರಿ ಮಾಡಿದರೆ ಅದನ್ನು ನೋಡಿಕೊಳ್ಳುವವರಿಗೆ ಕಳಿಸಬೇಕು, ಅವರು ಒಪ್ಪಿದರೆ ಎಲ್ಲರ ಕಂಪ್ಯೂಟರಿಗೂ ಹೋಗುತ್ತದೆ. ಅವಳ ರಿಪೇರಿಯ ಉಪಾಯ ನನಗೇ ಅರ್ಥವಾಯಿತು ಅಂದರೆ ನೋಡು. ದೊಡ್ಡ ದೋಣಿಯ ಹಿಂದೆ ಸಣ್ಣ ಪಾತಿದೋಣಿ ಕಟ್ಟಿದ್ದರೆ, ದೊಡ್ಡದು ಹೊರಟಾಗ ಸಣ್ಣದೂ ಹಿಂದೆಯೇ ಹೋಗಬೇಕಲ್ಲ? ಹಾಗೆ, ಅಕ್ಷರ ಅಳಿಸಿದರೆ ಅದಕ್ಕೆ ಅಂಟಿದ ಗುಡಿಸು, ಅರ್ಧದ ಗುರುತು ಎಲ್ಲವೂ ಅದರೊಟ್ಟಿಗೇ ಹೋಗಬೇಕು. ಇಷ್ಟೇ. ಆದರೆ ಬರೆಯುವುದು ಇಷ್ಟೇ ಅಲ್ಲವಂತೆ. ಮೊದಲ ಸಲ ಹಾಕಿ ನೋಡಿದಾಗ ಪೆಟ್ಟಿಗೆ ಏಳಲೇ ಇಲ್ಲ, ಕರ್ನಲ್ ಬೆಳಿಗ್ಗೆಯಿಂದ ಸಂಜೆಯವರೆಗೆ ಮೂರ್ಛೆ. ಎರಡನೇ ಸಲ ಎದ್ದ, ಆದರೆ ಒಂದು ಒತ್ತಿದರೆ ಇಡೀ ಸಾಲನ್ನೇ ನುಂಗಿದ. ಸುಗುಣ ದಿನಾ, "ಕರ್ನಲ್ ಇವತ್ತ್ ಹ್ಯಾಂಗಿದ್ದ?" ಎಂದು ಆಸ್ಪತ್ರೆಯಲ್ಲಿ ಇರುವವರನ್ನು ವಿಚಾರಿಸುವ ಹಾಗೆ ಕೇಳುತ್ತಿದ್ದಳು.

ಕಡೆಗೆ ಸರಿಯಾಯಿತು. ಕಳಿಸಿದಳು. ಅಲ್ಲಿ ನೋಡಿಕೊಳ್ಳುವವರಲ್ಲಿ ಒಬ್ಬ ದೊಡ್ಡ ಮನುಷ್ಯ, ಎಲ್ಲಿಯವನೋ, ಸಣ್ಣ ಉತ್ತರ ಬರೆದ. ಇದರಿಂದ ನಿಜವಾಗಿ ಯಾರಿಗೆ ತೊಂದರೆ? ಒಂದೆರಡು ಅಕ್ಷರ ಹೆಚ್ಚುಕಡಿಮೆಯಾದರೆ ಏನು? ಇಷ್ಟಕ್ಕೆ ಕರ್ನಲನ್ನು ಮುಟ್ಟಬೇಕಾ? ಹೀಗೆ. ಅಕ್ಷಯಾ ಓದಿ ಹೇಳಿದಾಗ ನನಗೆ ನೆತ್ತಿಗೇರಿತು. "ಅವ್ನ್ ಫೋನ್ ನಂಬ್ರ ಕೊಡ್, ನಾನ್ ಕುಂದಾಪ್ರ ಕನ್ನಡದಗ್ ಹೇಳ್ತೆ" ಎಂದೆ. ಅವಳು ಸುಮ್ಮನೆ ಕೂತು ನಡೆದದ್ದನ್ನು ಬರೆದಳು. ದಕ್ಕೆ, ಬೋರ್ಡು, ಐದು ಮನೆ, ಏಳು ಅಕ್ಷರ, ಒಂದು ಬೋಟು, ಅದರಲ್ಲಿ ನನ್ನ ಅಪ್ಪ. ಬಂತು ಎಂದು ಬರೆದದ್ದರಿಂದ ಯಾರೂ ಹುಡುಕಲಿಲ್ಲ. ಬರೆದವರು ನನ್ನ ಅತ್ತೆ, ಈಗ ಊರು ಬಿಟ್ಟು ಹೋಗಿದ್ದಾರೆ. ಅಷ್ಟು ಬರೆದು ಕಳಿಸಿ, ಹೊರಗೆ ಬಂದು ಬಾವಿಕಟ್ಟೆಯ ಮೇಲೆ ಕೂತಳು. ಎರಡು ದಿನ ಆ ಕಡೆಯಿಂದ ಸುದ್ದಿಯೇ ಇಲ್ಲ. ಆಮೇಲೆ ಅದೇ ಮನುಷ್ಯ ಬರೆದ: ನಿಮ್ಮ ತಂದೆ ಮತ್ತು ಅವರ ಜೊತೆಯವರು ಕ್ಷೇಮವಾಗಿ ಬಂದದ್ದು ಸಂತೋಷ. ನಾನು ಕೇಳಿದ ರೀತಿ ಸರಿಯಿರಲಿಲ್ಲ. ಇದು ಸರಿಯಾಗಲೇಬೇಕು. ಇಂಥಿಂಥ ಕಡೆ ತಿದ್ದಿ ಮತ್ತೆ ಕಳಿಸಿ. ಅದರ ಬೆನ್ನಿಗೇ ಥಾಯ್ಲೆಂಡಿನ ಒಬ್ಬರು, ನಮ್ಮ ಅಕ್ಷರಕ್ಕೂ ಮೇಲೆ ಕೆಳಗೆ ಗುರುತುಗಳಿವೆ, ನಮ್ಮಲ್ಲೂ ಹೀಗೇ ಆಗುತ್ತದೆ, ನಮ್ಮ ಕೈಯದ್ದೇ ತಪ್ಪು ಎಂದುಕೊಂಡಿದ್ದೆವು ಎಂದು ಬರೆದರು. ನೋಡು ಬಾಗೀ, ನಿನ್ನ ಹಾಗೆ ಕೈ ತಿರುಗಿಸಿ ನೋಡಿಕೊಂಡವರು ಲೋಕದಲ್ಲಿ ಇನ್ನೆಷ್ಟು ಜನ ಇದ್ದಾರೋ!

ಅವಳು ಮತ್ತೆ ತಿದ್ದಿದಳು, ಮತ್ತೆ ಕಳಿಸಿದಳು, ಅವರು ಮತ್ತೆ ಇನ್ನೊಂದು ಮೂಲೆ ತೋರಿಸಿದರು. ನಿನ್ನೆ ಮಧ್ಯಾಹ್ನ ನಾನು ಬಲೆ ಹೊಲಿಯುತ್ತಾ ಕೂತಿದ್ದಾಗ ಒಳಗಿನಿಂದ ಒಂದು ಕೂಗು. ಹಾವು ಬಂತು ಎಂದುಕೊಂಡು ಕೋಲು ಹಿಡಿದು ಓಡಿದರೆ, ಹುಡುಗಿ ಸುಗುಣನನ್ನು ಎತ್ತಿಕೊಂಡು ತಿರುಗಿಸುತ್ತಿದ್ದಾಳೆ! ನಿನ್ನ ಅತ್ತಿಗೆಯನ್ನು ಎತ್ತುವುದೆಂದರೆ ಸುಮ್ಮನೆಯಾ? ಒಪ್ಪಿದರಂತೆ. ಸೇರಿಸಿಕೊಂಡರಂತೆ. ಪ್ರತಿ ರಿಪೇರಿಯ ಕೆಳಗೆ, ತೊಂದರೆಯನ್ನು ಮೊದಲು ತಿಳಿಸಿದವರು ಯಾರು ಎಂದು ಒಂದು ಸಾಲು ಬರೆಯುವ ಪದ್ಧತಿ ಇದೆ. ಅಲ್ಲಿ ಅಕ್ಷಯಾ ತನ್ನ ಅತ್ತೆಯ ಹೆಸರು ಹಾಕಿದ್ದಾಳೆ, ಭಾಗೀರಥಿ, ಹಂಗಾರಕಟ್ಟೆ ಎಂದು. ನಿನ್ನನ್ನು ಕೇಳಿಯೇ ಹಾಕಬೇಕು ಎಂದು ಫೋನು ಮಾಡಿದರೆ ಮತ್ತೆ ಆ ಸ್ವಿಚ್ ಆಫ್ ಹೆಂಗಸು. ಅದಕ್ಕೆ ಅಣ್ಣನೆಂಬ ಅಧಿಕಾರದಲ್ಲಿ ಹೂಂ ಎಂದೆ. ಬೈಯುವುದಿದ್ದರೆ ನನಗೆ ಬೈ.

ಸಂಜೆ ಸಂಘದ ಮೀಟಿಂಗಿನಲ್ಲಿ ಎಲ್ಲರೆದುರು ತೋರಿಸಿದಳು. ಮೊದಲು ಹಳೇ ಕರ್ನಲ್: ನವಶಕ್ತಿ ಅಳಿಸಿ ರತ್ನ, ಬೋರ್ಡಿನಲ್ಲಿ ನವರತ್ನ. ಆಮೇಲೆ ಹೊಸ ಕರ್ನಲ್: ನವಶಕ್ತಿ ಅಳಿಸಿ ರತ್ನ, ಬೋರ್ಡಿನಲ್ಲಿ ರತ್ನವೇ! ಅಕ್ಕು ಎದ್ದು ನಿಂತು ಜಿತೇಂದ್ರನನ್ನೇ ನೋಡಿದಳು, ಒಂದು ಮಾತೂ ಆಡಲಿಲ್ಲ. ಅವಳು ಮಾತಾಡದೆ ಇದ್ದದ್ದನ್ನು ಹಂಗಾರಕಟ್ಟೆ ಅದೇ ಮೊದಲು ನೋಡಿದ್ದು. ಇವತ್ತು ಬೆಳಿಗ್ಗೆ ಅವನೇ ನಮ್ಮ ಮನೆಗೆ ಬಂದ. ಅಂಗಳದಲ್ಲೇ ನಿಂತು ಚಪ್ಪಲಿ ನೋಡುತ್ತಾ, "ಸೀನಣ್ಣ, ಬಾಗಿಯಕ್ಕನ ಹತ್ರ ನಾನ್ ಮಾತಾಡ್ಕ್. ಎಲ್ರೆದ್ರ್ ಅಂದದ್ದ್ ಎಲ್ರೆದ್ರೇ ವಾಪಸ್ ತಕಂತೆ. ಅವ್ರ್ ಕುರ್ಚಿಯಗ್ ಬೇರೆ ಯಾರನ್ನೂ ಕೂರ್ಸಿಲ್ಲೆ" ಎಂದ. ಸುಗುಣ ಚಹಾ ಕೊಟ್ಟಳು, ಸಕ್ಕರೆ ಹಾಕದೆ. ಮರೆತದ್ದು ಎನ್ನುತ್ತಾಳೆ.

ಅಶೋಕಣ್ಣನಿಗೆ, ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ಈ ಕಾಗದ ಅವರಿಗೂ ಓದಿ ಹೇಳು, ಜಿಲೇಬಿಯ ವಿಷಯ ಬಿಟ್ಟು. ಅಕ್ಷಯಾ ನಿನ್ನ ಕಾಲಿಗೆ ಬೀಳುತ್ತೇನೆ ಎಂದಿದ್ದಾಳೆ. ಕೋಳಿಯೂ ಕೇಳಿದೆ. ನಿನ್ನ ಕೈಗೆ ಸಮುದ್ರದಷ್ಟು ಆಯುಸ್ಸು ಇರಲಿ ತಂಗಿ.

ಇತಿ,
ನಿನ್ನ ಅಣ್ಣ ಸೀನ

ಮರೆತೆ, ಇದನ್ನೂ ಓದು: ಕರಿಯ ಸಾಸ್ತಾನದ ಪೋಸ್ಟಾಫೀಸಿಗೆ ಹೊರಟು ನಿಂತು ಸ್ಕೂಟರ್ ಹಾರ್ನ್ ಒತ್ತುತ್ತಾ ಇದ್ದಾನೆ, ಬೇಗ ಹೇಳುತ್ತೇನೆ. ಬರುವ ವಾರ ಮೀನುಗಾರಿಕೆ ಶುರು, ನವರತ್ನ ಹೊರಡುತ್ತದೆ. ಮೇಲೆ ಬರೆದದ್ದೆಲ್ಲ ನಿಜ, ಹೆದರಲಿಲ್ಲ ಎಂದದ್ದು ಮಾತ್ರ ಸುಳ್ಳು. ನೀರಿನ ಮೇಲೆ ಯಾರೂ ಬರಲಿಲ್ಲವಲ್ಲ, ಆಗ ಹೆದರಿದ್ದು ಇನ್ನೂ ಇಳಿದಿಲ್ಲ. ಮೊನ್ನೆ ಬಣ್ಣ ಹೊಡೆಯಲಿಕ್ಕೆ ಬೋಟು ಹತ್ತಿದರೆ ದಡದಲ್ಲಿ ಕಟ್ಟಿದ ಬೋಟಿನಲ್ಲೇ ಕಾಲು ನಡುಗಿತು. ಸುಗುಣನಿಗೆ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಕರ್ನಲ್ ಸರಿಯಾದ, ಬೋರ್ಡು ಸರಿಯಾಯಿತು, ನನ್ನ ಕಾಲಿಗೆ ಅದು ಸಾಕಾಗುವುದಿಲ್ಲ. ಒಂದು ಅಕ್ಷರ ತಪ್ಪಿದರೆ ನಾಚಿ ಅಳಿಸಿ ಬರೆಯುವವರು ಆ ಕೋಣೆಯಲ್ಲಿ ಕೂತಿದ್ದಾರೆ ಎಂದಾದರೆ ಹತ್ತುತ್ತೇನೆ. ಬಾರ್ಕೂರು ಸ್ಟೇಷನ್ನಿಗೆ ನಾನೇ ಬರುತ್ತೇನೆ. ಬಾ ಬಾಗೀ. ನಾನ್ ಬಂದದ್ದ್ ನೀನೇ ಬರೀಕ್.